ಎದುರಾಳಿಯ ಮೈಬಣ್ಣ ನೋಡಿ ಮಾತು ನುಂಗಿಕೊಳ್ಳುವುದು: ಗೌರವವೋ, ಭಯವೋ?

ಶಿವಮೊಗ್ಗದ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಪದವಿ ಮಕ್ಕಳಿಗೆ ರಾಜ್ಯಶಾಸ್ತ್ರ ಹೇಳಿಕೊಡುತ್ತೇನೆ. ಮೊನ್ನೆ ಅಮೆರಿಕದ 2008ರ ಅಧ್ಯಕ್ಷೀಯ ಚುನಾವಣೆಯ ಪಾಠ ಇತ್ತು. ಡೆಮಾಕ್ರಟಿಕ್ ಪಕ್ಷದ ಕಪ್ಪು ಅಭ್ಯರ್ಥಿ ಬರಾಕ್ ಒಬಾಮ ಸುಮಾರು 20 ವರ್ಷ ಹೋಗುತ್ತಿದ್ದ ಶಿಕಾಗೋ ಚರ್ಚಿನ ಪಾದ್ರಿ ಜೆರೆಮಿಯಾ ರೈಟ್, ಅವರೂ ಕಪ್ಪು ಜನಾಂಗದವರು. ಅವರ ಉಗ್ರ ಭಾಷಣಗಳ ವಿಡಿಯೋ ಆ ವರ್ಷ ಮಾರ್ಚ್‌ನಲ್ಲಿ ಎಲ್ಲಾ ಟಿವಿಗಳಲ್ಲೂ ಓಡಿತ್ತು. ಆದರೂ ಎದುರಾಳಿ, ರಿಪಬ್ಲಿಕನ್ ಪಕ್ಷದ ಜಾನ್ ಮೆಕೇನ್ ಅದನ್ನು ಪ್ರಚಾರಕ್ಕೆ ಬಳಸಲು ಒಪ್ಪಲಿಲ್ಲ. ಇಷ್ಟು ಹೇಳಿ ಪುಟ ತಿರುಗಿಸುವಷ್ಟರಲ್ಲಿ ಕೊನೆ ಬೆಂಚಿನ ಹುಡುಗಿ ಎದ್ದು ನಿಂತಳು. "ಸರ್, ಒಬಾಮ ಬಿಳಿಯರಾಗಿದ್ದರೂ ಮೆಕೇನ್ ಹಾಗೇ ಬಿಟ್ಟುಬಿಡುತ್ತಿದ್ದರಾ?"

ನನಗೆ ಉತ್ತರ ಹೊಳೆಯಲಿಲ್ಲ. "ನಾಳೆ ಹೇಳುತ್ತೇನಮ್ಮ" ಅಂದೆ. ಆ ನಾಳೆ ಬಂದು ಹೋಗಿ ನಾಲ್ಕು ದಿನ ಆಯಿತು. ಎದುರಾಳಿಯ ಮೈಬಣ್ಣ ನೋಡಿ ಪ್ರಚಾರದಲ್ಲಿ ಹಿಂಜರಿಯುವುದು ಅಂದರೆ ಏನು? ಅದು ಗೌರವವಾ, "ವರ್ಣಭೇದಿ ಅಂದುಬಿಡುತ್ತಾರೆ" ಅನ್ನುವ ಭಯವಾ? ಅಲ್ಲಿ ಇರುವವರು, ಈ ವಿಷಯ ಓದಿಕೊಂಡವರು ದಯವಿಟ್ಟು ಬರೆಯಿರಿ.

ಬರ್ನ್ಸ್‌ವಿಲ್ ಕನ್ನಡಿಗ

ಮೇಷ್ಟ್ರೇ, ಆಗ ನಾನು ಮಿನ್ನೆಸೋಟದಲ್ಲೇ ಇದ್ದೆ. ನಮ್ಮ ಪಕ್ಕದೂರು ಲೇಕ್‌ವಿಲ್‌ನಲ್ಲಿ 2008ರ ಅಕ್ಟೋಬರ್ 10ರಂದು ಮೆಕೇನ್ ಸಭೆ ನಡೆಯಿತು. ನಾನು ಹೋಗಿರಲಿಲ್ಲ, ಸಂಜೆ ಟಿವಿಯಲ್ಲಿ ನೋಡಿದೆ. ಆಮೇಲೆ ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಲ್ಲ.

ಮೆಕೇನ್ ಜನರ ನಡುವೆ ಓಡಾಡುತ್ತಾ ಒಬ್ಬೊಬ್ಬರ ಕೈಗೇ ಮೈಕ್ ಕೊಡುತ್ತಿದ್ದರು. ಒಬ್ಬರು, ಒಬಾಮ ಅಧ್ಯಕ್ಷರಾಗುತ್ತಾರೆ ಅಂದರೆ ನಮಗೆ ಭಯ ಅಂದರು. ಮೆಕೇನ್ ಅವರಿಗೆ, ಅವರು ಒಳ್ಳೆಯ ಮನುಷ್ಯ, ನೀವು ಹೆದರಬೇಕಾಗಿಲ್ಲ ಅಂದರು. ಸೇರಿದ್ದವರು ತಮ್ಮ ಪಕ್ಷದ ಅಭ್ಯರ್ಥಿಗೇ "ಬೂ" ಅಂತ ಕೂಗಿದರು! ಆಮೇಲೆ ಕೆಂಪು ಬಟ್ಟೆಯ ವಯಸ್ಸಾದ ಹೆಂಗಸೊಬ್ಬರು ಮೈಕ್ ಹಿಡಿದು, ನನಗೆ ಒಬಾಮ ಮೇಲೆ ನಂಬಿಕೆ ಇಲ್ಲ, ಅವರ ಬಗ್ಗೆ ಓದಿದ್ದೇನೆ, ಅವರು ಅರಬ್ ಅಂದರು. ಅವರ ಮಾತು ಮುಗಿಯುತ್ತಿದ್ದ ಹಾಗೇ ಮೆಕೇನ್ ತಲೆ ಅಡ್ಡಡ್ಡ ಆಡಿಸಿ ಮೈಕ್ ವಾಪಸ್ ತೆಗೆದುಕೊಂಡರು. ಇಲ್ಲಮ್ಮ, ಅವರು ಸಂಸಾರಸ್ಥ, ಮರ್ಯಾದಸ್ಥ, ಈ ದೇಶದ ಪ್ರಜೆ, ನನಗೂ ಅವರಿಗೂ ಮುಖ್ಯ ವಿಷಯಗಳಲ್ಲಿ ಭಿನ್ನಾಭಿಪ್ರಾಯ ಇದೆ, ಈ ಪ್ರಚಾರ ಇರುವುದೇ ಅದಕ್ಕೆ ಅನ್ನುವ ಅರ್ಥದಲ್ಲಿ ಉತ್ತರ ಕೊಟ್ಟರು.

ಮತದಾನಕ್ಕೆ ನಾಲ್ಕು ವಾರವೂ ಉಳಿದಿರಲಿಲ್ಲ. ಸಮೀಕ್ಷೆಗಳಲ್ಲಿ ಹಿಂದೆ ಬಿದ್ದಿದ್ದರು. ಅಂಥ ಹೊತ್ತಲ್ಲಿ ತನ್ನ ಸಭೆಗೆ ಬಂದ ಜನರಿಗೇ ಎದುರು ಮಾತಾಡುವುದು ಭಯಸ್ಥರ ಕೆಲಸ ಅಲ್ಲ ಅಂತ ನನಗೆ ಇವತ್ತಿಗೂ ಅನ್ನಿಸುತ್ತದೆ.

ಓದುಗಿತ್ತಿ

ಬರ್ನ್ಸ್‌ವಿಲ್ ಅಣ್ಣ, ಆ ದೃಶ್ಯ ನನಗೂ ಇಷ್ಟ. ಆದರೆ ಆ ಉತ್ತರದಲ್ಲಿ ಒಂದು ಮುಳ್ಳಿದೆ. "ಅರಬ್" ಅಂದಿದ್ದಕ್ಕೆ "ಇಲ್ಲ, ಮರ್ಯಾದಸ್ಥ" ಅಂದರೆ ಏನರ್ಥ? ಅರಬ್ಬರು ಮರ್ಯಾದಸ್ಥರಲ್ಲವಾ? ಮೆಕೇನ್ ಹಾಗೆ ಯೋಚಿಸಿ ಆಡಿದ ಮಾತಲ್ಲ, ಗಡಿಬಿಡಿಯಲ್ಲಿ ಬಂದದ್ದು. ಆದರೂ ಅಮೆರಿಕದ ಅರಬ್ಬರಿಗೆ ಆ ದಿನ ಹೇಗೆ ಕೇಳಿಸಿರಬೇಡ.

ಒಂಬತ್ತು ದಿನದ ಮೇಲೆ, ಅಕ್ಟೋಬರ್ 19ಕ್ಕೆ, ಕಾಲಿನ್ ಪೊವೆಲ್ ಟಿವಿಯಲ್ಲಿ ಒಬಾಮಗೆ ಬೆಂಬಲ ಕೊಟ್ಟರು. ರಿಪಬ್ಲಿಕನ್ ಪಕ್ಷದವರು, ಸೇನೆಯ ಅತಿ ದೊಡ್ಡ ಹುದ್ದೆಯಲ್ಲಿ ಇದ್ದವರು, ವಿದೇಶಾಂಗ ಸಚಿವರಾಗಿದ್ದವರು, ಸ್ವತಃ ಕಪ್ಪು ಜನಾಂಗದವರು. ಒಬಾಮ ಮುಸ್ಲಿಂ ಅಲ್ಲ, ಕ್ರೈಸ್ತರು ಅನ್ನುವುದು ಸರಿಯಾದ ಉತ್ತರವೇ. ಆದರೆ ನಿಜವಾಗಿ ಸರಿಯಾದ ಉತ್ತರ, ಮುಸ್ಲಿಂ ಆಗಿದ್ದರೆ ಏನೀಗ ಅನ್ನುವುದು ಅಂತ ಹೇಳಿದರು. ಇರಾಕ್‌ನಲ್ಲಿ ಸತ್ತ ಮುಸ್ಲಿಂ ಅಮೆರಿಕನ್ ಸೈನಿಕನ ಸಮಾಧಿಗೆ ತಲೆ ಆನಿಸಿ ಕೂತ ತಾಯಿಯ ಫೋಟೋ ನೋಡಿದ ಕಥೆಯನ್ನೂ ಹೇಳಿದರು. ಆ ಭಾಗ ನೋಡುವಾಗ ನನಗೆ ಗಂಟಲು ಕಟ್ಟುತ್ತದೆ.

ಮೆಕೇನ್ ತಡೆದು ನಿಲ್ಲಿಸಿದರು, ಪೊವೆಲ್ ಬೇರಿಗೇ ಕೈ ಹಾಕಿದರು. ಎರಡೂ ಬೇಕಿತ್ತು.

ಹಳೇ ಪೇಪರ್

ಮೇಷ್ಟ್ರೇ, 2008ನ್ನು ಒಂದೇ ಇಟ್ಟುಕೊಂಡು ಪಾಠ ಮಾಡಬೇಡಿ ಅಂತ ಕೇಳಿಕೊಳ್ಳುತ್ತೇನೆ. ಹಿಂಜರಿಕೆ ಅನ್ನುವುದು ಆಮೇಲೆ ಬಂದದ್ದು. ಅದಕ್ಕೆ ಮುಂಚೆ ಕಪ್ಪು ಅಭ್ಯರ್ಥಿ ಎದುರಿಗಿದ್ದರೆ ಹಿಂದೆ ಸರಿದವರು ಕಡಿಮೆ.

1982, ಕ್ಯಾಲಿಫೋರ್ನಿಯಾ. ಲಾಸ್ ಏಂಜಲೀಸ್ ಮೇಯರ್ ಟಾಮ್ ಬ್ರ್ಯಾಡ್ಲಿ ಗವರ್ನರ್ ಹುದ್ದೆಗೆ ನಿಂತರು. ಎದುರಾಳಿ ಜಾರ್ಜ್ ಡ್ಯೂಕ್‌ಮೇಜಿಯನ್. ಅವರ ಪ್ರಚಾರದ ಮುಖ್ಯಸ್ಥರು ಪತ್ರಕರ್ತರ ಮುಂದೆ, ಸಮೀಕ್ಷೆಯವರಿಗೆ ಬಾಯಿಬಿಟ್ಟು ಹೇಳದೆ ಕಪ್ಪು ಅಭ್ಯರ್ಥಿಗೆ ಮತ ಹಾಕದವರು ಶೇ. 5 ಇರಬಹುದು ಅಂದುಬಿಟ್ಟರು. ಗಲಾಟೆ ಆಯಿತು, ಅವರು ಕೆಲಸ ಬಿಡಬೇಕಾಯಿತು. ಗಮನಿಸಿ: ಅಲ್ಲಿ ತಪ್ಪು ಅನ್ನಿಸಿಕೊಂಡದ್ದು ಆ ಮತದ ಲೆಕ್ಕ ಇಟ್ಟುಕೊಂಡದ್ದಲ್ಲ, ಅದನ್ನು ಬಾಯಿಬಿಟ್ಟು ಹೇಳಿದ್ದು. ಸಮೀಕ್ಷೆಯಲ್ಲಿ ಮುಂದಿದ್ದ ಬ್ರ್ಯಾಡ್ಲಿ ಒಂದು ಲಕ್ಷಕ್ಕಿಂತ ಕಡಿಮೆ ಮತದಲ್ಲಿ ಸೋತರು. ಬಂದೂಕು ನಿಯಂತ್ರಣದ ಪ್ರಸ್ತಾಪ, ಅಂಚೆ ಮತ ಇವೂ ಕಾರಣ ಅನ್ನುವವರಿದ್ದಾರೆ. ಆದರೂ "ಬ್ರ್ಯಾಡ್ಲಿ ಪರಿಣಾಮ" ಅನ್ನುವ ಹೆಸರು ಉಳಿದುಕೊಂಡಿತು.

1983, ಶಿಕಾಗೋ. ಹೆರಾಲ್ಡ್ ವಾಷಿಂಗ್ಟನ್ ಡೆಮಾಕ್ರಟಿಕ್ ಪಕ್ಷದ ಒಳಚುನಾವಣೆ (ಪಕ್ಷದ ಅಭ್ಯರ್ಥಿಯನ್ನು ಆರಿಸುವ ಮತದಾನ) ಗೆದ್ದರು. ಆ ಊರಲ್ಲಿ ಅಷ್ಟು ಹೊತ್ತಿಗೆ ಅದು ಗೆದ್ದರೆ ಮೇಯರ್ ಆದ ಹಾಗೇ. ಆದರೆ ಆ ಸಲ ರಿಪಬ್ಲಿಕನ್ ಬರ್ನಾರ್ಡ್ ಎಪ್ಟನ್ ಹಿಂದೆ ಬಿಳಿಯ ಡೆಮಾಕ್ರಟ್ ಮತದಾರರು ಗುಂಪುಗುಂಪಾಗಿ ನಿಂತರು. ಎಪ್ಟನ್ ಮುಂಚೆ ಜನಾಂಗ ದ್ವೇಷಕ್ಕೆ ಹೆಸರಾದವರಲ್ಲ, ಮಧ್ಯಮ ದಾರಿಯ ಶಾಸಕ. ಆದರೂ ಅವರ ಜಾಹೀರಾತಿನ ಕೊನೆಯ ಸಾಲು: "ತಡವಾಗುವ ಮುನ್ನ." ಏನು ತಡ? ಯಾವುದಕ್ಕೆ ತಡ? ಬಾಯಿಬಿಟ್ಟು ಹೇಳುವ ಅಗತ್ಯವೇ ಇರಲಿಲ್ಲ. ವಾಷಿಂಗ್ಟನ್ ಒಂದು ಭಾನುವಾರ ವಾಯವ್ಯ ಭಾಗದ ಚರ್ಚಿಗೆ ಹೋದಾಗ ಹೊರಗೆ ಜನ ಕೂಗಾಡಿ ಅವಮಾನ ಮಾಡಿದರು. ಶೇ. 52ರ ಹತ್ತಿರ ಮತ ಪಡೆದು ಕೂದಲೆಳೆಯಲ್ಲಿ ಗೆದ್ದರು.

1990, ನಾರ್ತ್ ಕ್ಯಾರೊಲಿನದ ಸೆನೆಟ್ ಚುನಾವಣೆ. ಷಾರ್ಲಟ್ ಊರಿನ ಮಾಜಿ ಮೇಯರ್ ಹಾರ್ವೆ ಗ್ಯಾಂಟ್ ವಿರುದ್ಧ ಜೆಸ್ಸಿ ಹೆಲ್ಮ್ಸ್ ಹಾಕಿಸಿದ ಟಿವಿ ಜಾಹೀರಾತು ಒಮ್ಮೆ ಮಕ್ಕಳಿಗೆ ತೋರಿಸಿ. ಮುಖ ಇಲ್ಲ. ಎರಡು ಬಿಳಿಯ ಕೈ, ಚೌಕಳಿ ಅಂಗಿಯ ತೋಳು. ಕೈಯಲ್ಲಿ ಒಂದು ಕಾಗದ. ಈ ಕೆಲಸ ನಿನಗೆ ಬೇಕಿತ್ತು, ನಿನಗೇ ಅರ್ಹತೆ ಇತ್ತು, ಕೋಟಾ ಇದ್ದದ್ದಕ್ಕೆ ಬೇರೆಯವರಿಗೆ ಹೋಯಿತು ಅಂತ ದನಿ. ಆ ಕೈ ಕಾಗದವನ್ನು ಮುದ್ದೆ ಮಾಡುತ್ತದೆ. ಹೆಲ್ಮ್ಸ್ ಗೆದ್ದರು.

ತುಂಗಾ ತೀರ

ಹಳೇ ಪೇಪರ್ ಸರ್ ಪಟ್ಟಿಗೆ ಒಂದು ಸೇರಿಸುತ್ತೇನೆ. 2004ರ ಇಲಿನಾಯ್ ಸೆನೆಟ್ ಚುನಾವಣೆ. ಒಬಾಮ ಎದುರಿಗಿದ್ದ ರಿಪಬ್ಲಿಕನ್ ಅಭ್ಯರ್ಥಿ ಜೂನ್‌ನಲ್ಲಿ ಕಣದಿಂದ ಹಿಂದೆ ಸರಿದರು. ಪಕ್ಷ ಒಂದು ತಿಂಗಳಿಗೂ ಜಾಸ್ತಿ ಹುಡುಕಾಡಿ ಕೊನೆಗೆ ಕರೆತಂದದ್ದು ಅಲನ್ ಕೀಸ್ ಅವರನ್ನು. ಅವರು ಮೇರಿಲ್ಯಾಂಡ್‌ನವರು, ಇಲಿನಾಯ್‌ನಲ್ಲಿ ಮನೆಯೂ ಇರಲಿಲ್ಲ. ಹಿಲರಿ ಕ್ಲಿಂಟನ್ ನ್ಯೂಯಾರ್ಕ್‌ಗೆ ಹೋಗಿ ನಿಂತಾಗ ಇದೇ ಕೀಸ್ ಟೀಕೆ ಮಾಡಿದ್ದರು. ಅವರು ಕಪ್ಪು ಜನಾಂಗದವರು. ಬೇರೆ ರಾಜ್ಯದಿಂದ ಅವರನ್ನೇ ಯಾಕೆ ಕರೆತಂದರು ಅಂತ ಆಗ ಎಲ್ಲರೂ ಕೇಳಿದರು.

ಕಪ್ಪು ಅಭ್ಯರ್ಥಿಯ ವಿರುದ್ಧ ಬಿಳಿಯರು ಜೋರಾಗಿ ಮಾತಾಡಿದರೆ ಕೆಟ್ಟದಾಗಿ ಕಾಣುತ್ತದೆ, ಹಾಗಾಗಿ ಇನ್ನೊಬ್ಬ ಕಪ್ಪು ಮನುಷ್ಯನ ಬಾಯಲ್ಲಿ ಆಡಿಸೋಣ ಅನ್ನುವ ಲೆಕ್ಕ ಇತ್ತು ಅಂತ ನನ್ನ ಅಭಿಪ್ರಾಯ. ಫಲಿತಾಂಶ ಶೇ. 70ಕ್ಕೆ ಶೇ. 27. ಮತದಾರರನ್ನು ಇಷ್ಟು ಕಡೆಗಣಿಸಿ ನೋಡಿದ್ದು ನನಗೆ ಬೇಜಾರು ತರಿಸುತ್ತದೆ. ಎದುರಾಳಿಯ ಮೈಬಣ್ಣಕ್ಕೆ ಹೆದರಿ, ತಮ್ಮ ಅಭ್ಯರ್ಥಿಯನ್ನೂ ಮೈಬಣ್ಣ ನೋಡಿಯೇ ಆರಿಸಿದ ಹಾಗಾಯಿತು.

ನೇರ ಮಾತು

ಎಲ್ಲರೂ ಒಂದು ಕಡೆಯಿಂದಲೇ ನೋಡುತ್ತಿದ್ದೀರಿ. ನನ್ನದು ಬೇರೆ ಮಾತು. ಚುನಾವಣೆ ಅಂದರೆ ಪರೀಕ್ಷೆ. ಎದುರಾಳಿ ಗಟ್ಟಿಯಾಗಿ ಪ್ರಶ್ನೆ ಕೇಳಿದರೆ ತಾನೇ ಮತದಾರನಿಗೆ ಗೊತ್ತಾಗುವುದು? 20 ವರ್ಷ ಒಬ್ಬ ಪಾದ್ರಿಯ ಭಾಷಣ ಕೇಳಿದ್ದೀರಿ, ಅವರ ಮಾತು ಒಪ್ಪುತ್ತೀರಾ ಅನ್ನುವುದು ನ್ಯಾಯವಾದ ಪ್ರಶ್ನೆ. ಬಿಳಿಯ ಅಭ್ಯರ್ಥಿಗೆ ಕೇಳುವುದನ್ನು ಕಪ್ಪು ಅಭ್ಯರ್ಥಿಗೆ ಕೇಳದಿದ್ದರೆ ಅದೂ ಭೇದವೇ ಅಲ್ವಾ? ಮೆಕೇನ್ ಬಿಟ್ಟುಬಿಟ್ಟದ್ದು ಒಬಾಮಗೂ ಮರ್ಯಾದೆ ಅಲ್ಲ, ಮತದಾರನಿಗೂ ಅಲ್ಲ.

ಓದುಗಿತ್ತಿ

ನೇರ ಮಾತು ಅವರೇ, ನಿಮ್ಮ ಪ್ರಶ್ನೆ ಸರಿಯಾಗಿದೆ. ಆದರೆ ಆ ಪ್ರಶ್ನೆ ಯಾರೂ ಕೇಳಲೇ ಇಲ್ಲ ಅನ್ನುವುದು ಸರಿಯಲ್ಲ. ಅದು ಮೊದಲು ಕೇಳಿಬಂದದ್ದು ಡೆಮಾಕ್ರಟಿಕ್ ಪಕ್ಷದ ಒಳಗಿನ ಪೈಪೋಟಿಯ ಹೊತ್ತಲ್ಲೇ. ಒಬಾಮ ಮಾರ್ಚ್ 18ಕ್ಕೆ ಫಿಲಡೆಲ್ಫಿಯಾದಲ್ಲಿ ಜನಾಂಗದ ವಿಷಯವನ್ನೇ ಹಿಡಿದು ಅರ್ಧ ಗಂಟೆಗೂ ಜಾಸ್ತಿ ಉತ್ತರ ಕೊಟ್ಟರು. ಪಾದ್ರಿಯ ಮಾತನ್ನು ಖಂಡಿಸಿದರು, ಪಾದ್ರಿಯನ್ನು ಕೈಬಿಡಲಿಲ್ಲ. ಏಪ್ರಿಲ್ ಕೊನೆಗೆ ರೈಟ್ ಮತ್ತೆ ಮಾತಾಡಿದ ಮೇಲೆ ಸಂಬಂಧವನ್ನೇ ಕಡಿದುಕೊಂಡರು. ಆಮೇಲೆ ಆ ಚರ್ಚನ್ನೂ ಬಿಟ್ಟರು. ಪರೀಕ್ಷೆ ನಡೆದಿತ್ತು, ಉತ್ತರವೂ ಬಂದಿತ್ತು. ನವೆಂಬರ್‌ನಲ್ಲಿ ಆ ವಿಡಿಯೋ ಮತ್ತೆ ಹಾಕಿದರೆ ಅದು ಪ್ರಶ್ನೆ ಅಲ್ಲ, ಕೋಪಗೊಂಡ ಕಪ್ಪು ಮುಖವನ್ನು ತೋರಿಸಿ ಹೆದರಿಸುವುದು.

ಬರ್ನ್ಸ್‌ವಿಲ್ ಕನ್ನಡಿಗ

ಮೇಷ್ಟ್ರೇ, ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆಗೆ ರಾತ್ರಿ ಮಲಗಿದಾಗ ಒಂದು ಉತ್ತರ ಹೊಳೆಯಿತು. "ಒಬಾಮ ಬಿಳಿಯರಾಗಿದ್ದರೆ" ಅಂತ ಊಹೆ ಮಾಡುವುದೇ ಬೇಡ. ಅದೇ ಚುನಾವಣೆಯಲ್ಲೇ ಹೋಲಿಸಿ ನೋಡಬಹುದು.

ಒಬಾಮ ಅವರ ಇಬ್ಬರು ಪರಿಚಯಸ್ಥರ ಮೇಲೆ ದೂರು ಇತ್ತು. ಒಬ್ಬರು ರೈಟ್. ಇನ್ನೊಬ್ಬರು ಬಿಲ್ ಏಯರ್ಸ್, 1970ರ ಸುಮಾರಿಗೆ ಬಾಂಬ್ ಇಟ್ಟ ಎಡಪಂಥೀಯ ಗುಂಪಿನಲ್ಲಿ ಇದ್ದು ಆಮೇಲೆ ಶಿಕಾಗೋದಲ್ಲಿ ಪ್ರಾಧ್ಯಾಪಕರಾದವರು. ಇಬ್ಬರಲ್ಲಿ ಒಬಾಮಗೆ ಹತ್ತಿರದವರು ರೈಟ್. ಮದುವೆ ಮಾಡಿಸಿದವರು, ಮಕ್ಕಳಿಗೆ ದೀಕ್ಷಾಸ್ನಾನ ಕೊಟ್ಟವರು. ಏಯರ್ಸ್ ಜೊತೆ ಇದ್ದದ್ದು ಅದೇ ಬಡಾವಣೆಯ, ಒಂದೆರಡು ಸಮಿತಿಯ ಪರಿಚಯ. ಲೆಕ್ಕದ ಪ್ರಕಾರ ಪ್ರಚಾರಕ್ಕೆ ಸಿಗಬೇಕಾದ್ದು ರೈಟ್ ತಾನೇ? ಆದರೆ ಅಕ್ಟೋಬರ್ ಪೂರ್ತಿ, ಮೆಕೇನ್ ಜೊತೆ ಉಪಾಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಸೇರಾ ಪೇಲಿನ್ ಸಭೆ ಸಭೆಯಲ್ಲೂ ಏಯರ್ಸ್ ವಿಷಯ ಎತ್ತಿ, ಒಬಾಮಗೆ ಭಯೋತ್ಪಾದಕರ ಸ್ನೇಹ ಅಂದರು. ಮೆಕೇನ್ ಕೂಡ ಕೊನೆಯ ಟಿವಿ ಚರ್ಚೆಯಲ್ಲಿ ಏಯರ್ಸ್ ಹೆಸರು ತೆಗೆದರು. ರೈಟ್ ಹೆಸರು ತೆಗೆಯಲಿಲ್ಲ. ಏಪ್ರಿಲ್‌ನಲ್ಲಿ ನಾರ್ತ್ ಕ್ಯಾರೊಲಿನ ರಿಪಬ್ಲಿಕನ್ ಘಟಕ ರೈಟ್ ಮೇಲೆ ಜಾಹೀರಾತು ಮಾಡಿದಾಗ ಮೆಕೇನ್ ಬೇಡ ಅಂತ ಪತ್ರ ಬರೆದರು. ಘಟಕ ಕೇಳಲಿಲ್ಲ.

ಏಯರ್ಸ್ ಬಿಳಿಯರು. ವ್ಯತ್ಯಾಸ ಅಷ್ಟೇ. ಅಂದರೆ ಮೆಕೇನ್ ಒಬಾಮ ಮೇಲೆ ಎರಗಲು ಹಿಂಜರಿಯಲಿಲ್ಲ. ಕಪ್ಪು ಚರ್ಚಿನ ಮೇಲೆ ಎರಗಲು ಮಾತ್ರ ಹಿಂಜರಿದರು. ಎರಡನ್ನೂ ಒಂದೇ ಅಂದುಕೊಂಡರೆ ನಾವು ದಾರಿ ತಪ್ಪುತ್ತೇವೆ.

ನೇರ ಮಾತು

ಈ ಹೋಲಿಕೆ ನಾನು ಯೋಚಿಸಿರಲಿಲ್ಲ. ಒಪ್ಪುತ್ತೇನೆ. ಆದರೆ ಇದೇ ನನ್ನ ಮಾತಿಗೂ ಸಾಕ್ಷಿ ಅಲ್ವಾ? ಹತ್ತಿರದವರನ್ನು ಬಿಟ್ಟು ದೂರದವರನ್ನು ಹಿಡಿದರೆ ಮತದಾರನಿಗೆ ಸಿಕ್ಕಿದ್ದು ದುರ್ಬಲ ಪ್ರಶ್ನೆ. ಅದೂ ಅಲ್ಲದೆ, ಸ್ವಲ್ಪ ಮಾತಾಡಿದರೂ ವರ್ಣಭೇದ ಅಂದುಬಿಡುತ್ತಿದ್ದರು. ಪಕ್ಷದೊಳಗೆ ಒಬಾಮಗೆ ಪೈಪೋಟಿ ಕೊಟ್ಟ ಹಿಲರಿ ಕ್ಲಿಂಟನ್ ಬೆಳಗಿನ ಜಾವ 3 ಗಂಟೆಗೆ ಫೋನ್ ಬರುತ್ತದೆ, ಎತ್ತಲು ಅನುಭವಸ್ಥರು ಬೇಕು ಅನ್ನುವ ಜಾಹೀರಾತು ಮಾಡಿದರು. ಅದರಲ್ಲೂ ಜನಾಂಗದ ಛಾಯೆ ಇದೆ ಅಂತ ಪತ್ರಿಕೆಯಲ್ಲಿ ಬರೆದರು. ಹೀಗಾದರೆ ಯಾರು ಏನು ಮಾತಾಡಬೇಕು?

ಹಳೇ ಪೇಪರ್

3 ಗಂಟೆಯ ಜಾಹೀರಾತಿನ ಬಗ್ಗೆ ನಿಮ್ಮ ಜೊತೆ ನಾನೂ ಇದ್ದೇನೆ. ಅದು ಅನುಭವದ ಪ್ರಶ್ನೆ. ಆದರೆ ಅನುಮಾನ ಸುಮ್ನೆ ಬರಲಿಲ್ಲ. ಜನವರಿ 26ಕ್ಕೆ ಸೌತ್ ಕ್ಯಾರೊಲಿನದ ಒಳಚುನಾವಣೆಯಲ್ಲಿ ಒಬಾಮ ಶೇ. 55 ಮತ ಪಡೆದು ಗೆದ್ದರು. ಆ ದಿನ ಬಿಲ್ ಕ್ಲಿಂಟನ್, ಜೆಸ್ಸಿ ಜಾಕ್ಸನ್ (ಅವರೂ ಕಪ್ಪು ನಾಯಕ) ಕೂಡ 1984, 1988ರಲ್ಲಿ ಇಲ್ಲಿ ಗೆದ್ದಿದ್ದರು ಅಂದರು. ಕೇಳದೇ ಇದ್ದ ಹೋಲಿಕೆ ಅದು. ಮಾರ್ಚ್‌ನಲ್ಲಿ ಹಿಲರಿ ಪರ ಇದ್ದ ಜೆರಲ್ಡೀನ್ ಫೆರಾರೊ, ಒಬಾಮ ಬಿಳಿಯರಾಗಿದ್ದರೆ ಈ ಸ್ಥಾನಕ್ಕೆ ಬರುತ್ತಿರಲಿಲ್ಲ ಅಂದರು. ಪ್ರಚಾರ ಸಮಿತಿ ಬಿಡಬೇಕಾಯಿತು. ಮೇ ತಿಂಗಳಲ್ಲಿ ಹಿಲರಿಯೇ ದುಡಿಯುವ ಬಿಳಿಯ ಅಮೆರಿಕನ್ನರ ಬೆಂಬಲ ನನಗಿದೆ ಅನ್ನುವ ಹಾಗೆ ಮಾತಾಡಿದರು. ಮೂರು ಸಲ ಹೀಗಾದ ಮೇಲೆ ನಾಲ್ಕನೆಯದನ್ನೂ ಜನ ಹಾಗೇ ಓದುತ್ತಾರೆ. ಭಾರ ಹೊತ್ತವರ ಮೇಲೆ ಕೋಪ ಮಾಡಿಕೊಂಡು ಪ್ರಯೋಜನ ಇಲ್ಲ.

ಮಿಶಿಗನ್ ಮಲ್ಲಿಗೆ

ಎಲ್ಲರ ಬರಹ ಓದುತ್ತಿದ್ದೆ, ಈಗ ನನ್ನ ಊರಿನ ಕಥೆ ಹೇಳಬೇಕು ಅನ್ನಿಸಿತು. ನಾನು ಡೆಟ್ರಾಯ್ಟ್ ಹತ್ತಿರ ಇದ್ದೇನೆ. 2022ರಲ್ಲಿ ಇಲ್ಲಿನ 13ನೇ ಕ್ಷೇತ್ರಕ್ಕೆ ನಿಂತವರಲ್ಲಿ ಒಬ್ಬರು ಶ್ರೀ ಥಾನೇದಾರ್. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದವರು. ನಮ್ಮ ಪರಿಚಯದ ಕನ್ನಡ ಮನೆಗಳಲ್ಲೆಲ್ಲಾ "ನಮ್ಮ ಬೆಳಗಾವಿಯವರು" ಅಂತ ಸಂಭ್ರಮ.

ಡೆಟ್ರಾಯ್ಟ್‌ನಲ್ಲಿ ನಾಲ್ಕರಲ್ಲಿ ಮೂರು ಪಾಲಿಗೂ ಜಾಸ್ತಿ ಜನ ಕಪ್ಪು ಜನಾಂಗದವರು. 1955ರಿಂದ ಆ ಊರಿಗೆ ಸಂಸತ್ತಿನಲ್ಲಿ ಒಬ್ಬರಾದರೂ ಕಪ್ಪು ಪ್ರತಿನಿಧಿ ಇದ್ದೇ ಇದ್ದರು. 2022ರಲ್ಲಿ ಕಪ್ಪು ಅಭ್ಯರ್ಥಿಗಳು ಹಲವರು, ಮತ ಹರಿದು ಹಂಚಿಹೋಗುವ ಭಯ. ಸ್ಥಳೀಯ ಕಪ್ಪು ನಾಯಕರು ಸೇರಿ ಒಬ್ಬರ ಹೆಸರಿಗೆ ಒಮ್ಮತ ತರಲು ನೋಡಿದರು, ರಾಜ್ಯದ ಸೆನೆಟರ್ ಆಡಮ್ ಹಾಲಿಯರ್ ಅವರನ್ನು ಆರಿಸಿದರು. ಉಳಿದವರು ಕಣ ಬಿಡಲಿಲ್ಲ. ಡೆಮಾಕ್ರಟಿಕ್ ಒಳಚುನಾವಣೆಯ ಒಂಬತ್ತು ಜನರ ಪೈಪೋಟಿಯಲ್ಲಿ ಥಾನೇದಾರ್ ಮೂರನೇ ಒಂದು ಪಾಲಿಗಿಂತ ಕಡಿಮೆ ಮತದಲ್ಲೇ ಗೆದ್ದರು.

ಆಗ ನಮ್ಮವರು ಕೆಲವರು, ನೋಡಿ, ನಮ್ಮ ಮೈಬಣ್ಣ ನೋಡಿ ವಿರೋಧ ಮಾಡುತ್ತಾರೆ ಅಂತ ಸಿಟ್ಟಾದರು. ನನಗೂ ಹಾಗೇ ಅನ್ನಿಸಿತ್ತು. ಒಂದು ಶನಿವಾರ ಆಫೀಸಿನ ಗೆಳತಿ ಜೊತೆ ಅವರ ಅಜ್ಜಿಯ ಮನೆಗೆ ಹೋಗಿದ್ದೆ. ಮನೆ ಮುಂದಿನ ಜಗಲಿಯಲ್ಲಿ ಅಜ್ಜಿ ಕೂತಿದ್ದರು, ನನಗೆ ತಣ್ಣಗಿನ ಟೀ ಕೊಟ್ಟರು. ಮಾತು ಚುನಾವಣೆಗೆ ಬಂತು. "ನಿಮ್ಮ ದೇಶದ ಮನುಷ್ಯ ಒಳ್ಳೆಯವರೇ ಇರಬಹುದು ಮಗಳೇ" ಅಂದರು. "ಆದರೆ ನಮ್ಮ ಅಪ್ಪ ದಕ್ಷಿಣದಿಂದ ಇಲ್ಲಿಗೆ ಬಂದದ್ದೇ ಓಟು ಹಾಕುವುದಕ್ಕೆ ಬಿಡುತ್ತಾರೆ ಅಂತ. ಆ ಕುರ್ಚಿಯಲ್ಲಿ ನಮ್ಮವರು ಕೂತದ್ದು ನೋಡಿ ಅವರು ಅತ್ತಿದ್ದರು." ಮತ್ತೇನೂ ಹೇಳಲಿಲ್ಲ. ನನಗೆ ಟೀ ಇಳಿಯಲಿಲ್ಲ.

ಅಲ್ಲಿ ನಮ್ಮ ಮೈಬಣ್ಣದ ಮೇಲೆ ದ್ವೇಷ ಇರಲಿಲ್ಲ. ಕಷ್ಟಪಟ್ಟು ಪಡೆದ ಪ್ರಾತಿನಿಧ್ಯ ಕೈತಪ್ಪುವ ನೋವು ಇತ್ತು. ಹೆಲ್ಮ್ಸ್ ಜಾಹೀರಾತಿನ ಆ ಎರಡು ಕೈಗೂ ಈ ಅಜ್ಜಿಯ ಮಾತಿಗೂ ಹೋಲಿಕೆಯೇ ಇಲ್ಲ. ಆದರೂ ಎರಡೂ "ಜನಾಂಗದ ಪ್ರಚಾರ" ಅನ್ನುವ ಒಂದೇ ಮಾತಿನಡಿ ಬಂದುಬಿಡುತ್ತವೆ. ಮೇಷ್ಟ್ರೇ, ಮಕ್ಕಳಿಗೆ ಈ ವ್ಯತ್ಯಾಸ ದಯವಿಟ್ಟು ಹೇಳಿ.

ತುಂಗಾ ತೀರ

ಅಕ್ಕಾ, ತುಂಬಾ ಧನ್ಯವಾದ. ಇದು ಬರೆದದ್ದು ಒಳ್ಳೆಯದಾಯಿತು.

ಹತ್ತಿರದ ಉದಾಹರಣೆ ಬೇಕಿದ್ದರೆ 2024. ಜುಲೈ 21ಕ್ಕೆ ಬೈಡನ್ ಹಿಂದೆ ಸರಿದು ಕಮಲಾ ಹ್ಯಾರಿಸ್ ಮುಂದೆ ಬಂದರು. ಕೆಲವು ರಿಪಬ್ಲಿಕನ್ ಸಂಸದರು ಅವರಿಗೆ ಈ ಸ್ಥಾನ ಸಿಕ್ಕಿದ್ದು ಜನಾಂಗ ನೋಡಿ ಅನ್ನಲು ಶುರು ಮಾಡಿದರು. ಎರಡೇ ದಿನಕ್ಕೆ ಪಕ್ಷದ ನಾಯಕರು ಒಳಗಿನ ಸಭೆಯಲ್ಲಿ, ಆ ಮಾತು ಬಿಡಿ, ಅವರ ಕೆಲಸ ಮತ್ತು ನೀತಿಯ ಮೇಲೆ ಮಾತಾಡಿ ಅಂದರು. ವಾರ ಕಳೆದು, ಜುಲೈ 31ಕ್ಕೆ, ಟ್ರಂಪ್ ಶಿಕಾಗೋದಲ್ಲಿ ಕಪ್ಪು ಪತ್ರಕರ್ತರ ಸಮಾವೇಶದಲ್ಲೇ ಕೂತು, ಅವರು ಮೊದಲು ಭಾರತೀಯರಾಗಿದ್ದರು, ಈಗ ಕಪ್ಪಾಗಿದ್ದಾರೆ ಅನ್ನುವ ಅರ್ಥದ ಮಾತಾಡಿದರು. ತಾಯಿ ಚೆನ್ನೈನವರು, ತಂದೆ ಜಮೈಕಾದವರು. ಎರಡೂ ಒಟ್ಟಿಗೇ ಇರುವ ಮನುಷ್ಯರು ಇರುತ್ತಾರೆ ಅನ್ನುವುದು ಅಷ್ಟು ಕಷ್ಟದ ವಿಷಯವಾ? ಒಂದೇ ಪಕ್ಷ, ಒಂದೇ ಎದುರಾಳಿ, ಹತ್ತು ದಿನದ ಒಳಗೆ ಹಿಂಜರಿಕೆಯೂ ಆಯಿತು, ಅದನ್ನು ಮುರಿದದ್ದೂ ಆಯಿತು. ಗೆದ್ದದ್ದು ಮುರಿದವರೇ. ಬೆಲೆ ಏರಿಕೆ, ವಲಸೆ ಹೀಗೆ ಗೆಲುವಿಗೆ ಕಾರಣ ಹಲವು, ಒಪ್ಪುತ್ತೇನೆ. ಆದರೆ ಹಾಗೆ ಮಾತಾಡಿದರೆ ಸೋಲುತ್ತಾರೆ ಅನ್ನುವ ನಂಬಿಕೆ ಈಗ ಯಾರಲ್ಲೂ ಉಳಿದಿಲ್ಲ.

ಶಿವಮೊಗ್ಗದ ಮೇಷ್ಟ್ರು

ಇಷ್ಟು ಸಿಗುತ್ತದೆ ಅಂದುಕೊಂಡಿರಲಿಲ್ಲ. ಒಂದು ಮಾತ್ರ ಇನ್ನೂ ಕೊರೆಯುತ್ತಿದೆ. ಮೆಕೇನ್ ಗೆರೆಯನ್ನು ಸರಿಯಾಗಿ ಅಲ್ಲೇ ಯಾಕೆ ಎಳೆದರು? ಸಲಹೆಗಾರರೂ ಪೇಲಿನ್ ಕೂಡ ರೈಟ್ ವಿಷಯ ಎತ್ತೋಣ ಅನ್ನುತ್ತಿದ್ದರಂತಲ್ಲ.

ಬರ್ನ್ಸ್‌ವಿಲ್ ಕನ್ನಡಿಗ

ಮೇಷ್ಟ್ರೇ, ಅವರ ಮನಸ್ಸಿನೊಳಗೆ ಏನಿತ್ತೋ ನಾನು ಹೇಳಲಾರೆ. ಆದರೆ 2000ನೇ ಇಸವಿ ನೆನಪಿಸುತ್ತೇನೆ.

ಆ ವರ್ಷ ಮೆಕೇನ್ ತಮ್ಮ ಪಕ್ಷದೊಳಗೇ ಜಾರ್ಜ್ ಬುಷ್ ಎದುರು ನಿಂತಿದ್ದರು. ಫೆಬ್ರವರಿಯಲ್ಲಿ ಸೌತ್ ಕ್ಯಾರೊಲಿನದ ಮತದಾನ. ಅದಕ್ಕೆ ಮುಂಚೆ ಅಲ್ಲಿ ಫೋನ್‌ನಲ್ಲಿ, ಕರಪತ್ರದಲ್ಲಿ ಒಂದು ಗುಸುಗುಸು ಹಬ್ಬಿತು: ಮೆಕೇನ್‌ಗೆ ಮದುವೆಯ ಹೊರಗೆ ಹುಟ್ಟಿದ ಕಪ್ಪು ಮಗು ಇದೆ ಅಂತ. ನಿಜ ಏನೆಂದರೆ, ಅವರ ಹೆಂಡತಿ ಬಾಂಗ್ಲಾದೇಶದ ಅನಾಥಾಶ್ರಮದಿಂದ ಒಂದು ಹೆಣ್ಣು ಕೂಸನ್ನು ಕರೆತಂದಿದ್ದರು, ಇಬ್ಬರೂ ದತ್ತು ತೆಗೆದುಕೊಂಡು ಸಾಕುತ್ತಿದ್ದರು. ಮಗು ನಮ್ಮ ನಿಮ್ಮ ಮನೆ ಮಕ್ಕಳ ಬಣ್ಣ. ವೇದಿಕೆ ಮೇಲೆ ಮನೆಯವರ ಜೊತೆ ನಿಂತರೆ ಎದ್ದು ಕಾಣುತ್ತಿತ್ತು. ಮೆಕೇನ್ ಅಲ್ಲಿ ಸೋತರು, ಆಮೇಲೆ ಚೇತರಿಸಿಕೊಳ್ಳಲಿಲ್ಲ.

2008ರ ಅಕ್ಟೋಬರ್‌ನಲ್ಲಿ ಇನ್ನೊಂದೂ ಆಯಿತು. ಲೇಕ್‌ವಿಲ್ ಸಭೆಯ ಮರುದಿನ ಜಾನ್ ಲೂಯಿಸ್ ಹೇಳಿಕೆ ಕೊಟ್ಟರು. ನಾಗರಿಕ ಹಕ್ಕು ಚಳವಳಿಯಲ್ಲಿ ಪೊಲೀಸರ ಏಟಿಗೆ ತಲೆ ಒಡೆಸಿಕೊಂಡವರು, ಆಗ ಸಂಸದರು. ಮೆಕೇನ್, ಪೇಲಿನ್ ದ್ವೇಷ ಬಿತ್ತುತ್ತಿದ್ದಾರೆ ಅಂತ ಎಚ್ಚರಿಸಿ, ಹಳೆಯ ಜನಾಂಗ ದ್ವೇಷಿ ಗವರ್ನರ್ ಜಾರ್ಜ್ ವಾಲೇಸ್ ಕಾಲವನ್ನು ನೆನಪಿಸಿದರು. ಮೆಕೇನ್‌ಗೆ ತುಂಬಾ ನೋವಾಯಿತು. ಯಾಕೆಂದರೆ ಎರಡು ತಿಂಗಳ ಹಿಂದೆ ಅಷ್ಟೇ ಒಂದು ವೇದಿಕೆಯಲ್ಲಿ, ಅಧ್ಯಕ್ಷರಾದರೆ ಯಾರ ಸಲಹೆ ಕೇಳುತ್ತೀರಿ ಅಂದಾಗ ಅವರು ಹೇಳಿದ ಮೂರು ಹೆಸರಿನಲ್ಲಿ ಲೂಯಿಸ್ ಒಬ್ಬರು. ಲೂಯಿಸ್ ಎಚ್ಚರಿಕೆ ನನಗೆ ಅರ್ಥವಾಗುತ್ತದೆ, ಆ ಸಭೆಗಳಲ್ಲಿ ಕೇಳಿಬರುತ್ತಿದ್ದ ಕೂಗು ಹಾಗಿತ್ತು. ಮೆಕೇನ್ ನೋವೂ ಅರ್ಥವಾಗುತ್ತದೆ.

ನವೆಂಬರ್ 4ರ ರಾತ್ರಿ ಫೀನಿಕ್ಸ್‌ನಲ್ಲಿ ಸೋಲು ಒಪ್ಪಿಕೊಂಡು ಮಾತಾಡಿದಾಗ, 1901ರಲ್ಲಿ ಅಧ್ಯಕ್ಷ ರೂಸ್ವೆಲ್ಟ್ ಕಪ್ಪು ನಾಯಕ ಬೂಕರ್ ಟಿ. ವಾಷಿಂಗ್ಟನ್ ಅವರನ್ನು ಊಟಕ್ಕೆ ಕರೆದದ್ದಕ್ಕೇ ಎಷ್ಟು ಜನ ಸಿಡಿದೆದ್ದಿದ್ದರು ಅಂತ ಮೆಕೇನ್ ನೆನಪಿಸಿದರು. ಆ ಭಾಷಣವನ್ನು ಲೇಕ್‌ವಿಲ್ ತುಣುಕಿನ ಜೊತೆ ತೋರಿಸಿ. ಒಬಾಮ ಹೆಸರು ಬಂದಾಗ ಅಲ್ಲೂ ಜನ "ಬೂ" ಅನ್ನುತ್ತಾರೆ. ಮೆಕೇನ್ ಎರಡೂ ಕೈ ಎತ್ತಿ ಸುಮ್ಮನಿರಿಸುತ್ತಾರೆ.

ಶಿವಮೊಗ್ಗದ ಮೇಷ್ಟ್ರು

ಸೋಮವಾರ ಮೂರನೇ ಪೀರಿಯಡ್ ಇದೆ. ರೈಟ್, ಏಯರ್ಸ್ ಇಬ್ಬರ ಹೆಸರನ್ನೂ ಬೋರ್ಡ್ ಮೇಲೆ ಬರೆದು, ಉತ್ತರವನ್ನು ಮೊದಲು ಆ ಹುಡುಗಿಯ ಬಾಯಿಂದಲೇ ಕೇಳುತ್ತೇನೆ. ಅವಳು ಏನು ಹೇಳುತ್ತಾಳೆ ಅಂತ ಇಲ್ಲಿ ಬಂದು ಬರೆಯುತ್ತೇನೆ.